ಹೈಸ್ಕೂಲಿನಲ್ಲೇ ಕಾಲೇಜಿನ ಕ್ರೆಡಿಟ್: ಯಾರಿಗೆಂದು ಶುರುವಾಯಿತು, ಯಾರ ಕೈಗೆ ಬಂತು

ಟೆಕ್ಸಾಸಿನಲ್ಲಿರುವ ಅಕ್ಕನ ಮಗಳು ಹನ್ನೊಂದನೇ ಕ್ಲಾಸಿನಲ್ಲಿದ್ದಾಳೆ, ಆಗಲೇ ಕಾಲೇಜಿನ ಎರಡು ಕೋರ್ಸು ಮುಗಿಸಿದ್ದಾಳೆ ಅಂತ ಕೇಳಿದರೆ ಇಲ್ಲಿರುವವರಿಗೆ ಸ್ವಲ್ಪ ಗೊಂದಲವಾಗುತ್ತದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ಹೋಗುವುದೇ ಕಾಲೇಜಿಗೆ ಅಲ್ವಾ? ಆದರೆ ಪಿಯುಸಿಯಲ್ಲಿ ಎಷ್ಟೇ ಕೆಮಿಸ್ಟ್ರಿ ಓದಿದ್ದರೂ ಬಿಎಸ್ಸಿಯಲ್ಲಿ ಒಂದು ಪೇಪರೂ ಕಡಿಮೆಯಾಗುವುದಿಲ್ಲ. ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಹೈಸ್ಕೂಲು ಹನ್ನೆರಡನೇ ಕ್ಲಾಸಿನವರೆಗೆ. ಡಿಗ್ರಿ ಅಂದರೆ ಸಾಮಾನ್ಯವಾಗಿ 120 ಕ್ರೆಡಿಟ್. ಒಂದು ಸೆಮಿಸ್ಟರಿನ ಒಂದು ಕೋರ್ಸಿಗೆ ಹೆಚ್ಚಾಗಿ 3 ಕ್ರೆಡಿಟ್. ಹೈಸ್ಕೂಲಿನಲ್ಲೇ ಹತ್ತು ಕೋರ್ಸು ಮುಗಿಸಿಕೊಂಡರೆ ಒಂದು ವರ್ಷದ ಓದು, ಒಂದು ವರ್ಷದ ಫೀಸು ಉಳಿದ ಹಾಗೆ.

ಇವತ್ತು ಇದನ್ನು ಬಡವರ ಮಕ್ಕಳಿಗೆ ಕಾಲೇಜಿನ ಬಾಗಿಲು ಅಂತ ಹೇಳುತ್ತಾರೆ. ಹುಟ್ಟಿದಾಗ ಅದು ಹಾಗಿರಲಿಲ್ಲ.

1951ರಲ್ಲಿ ಫೋರ್ಡ್ ಫೌಂಡೇಶನ್ ಶಿಕ್ಷಣಕ್ಕೆಂದೇ ಒಂದು ನಿಧಿ ತೆರೆಯಿತು. ಆಗ ಕೊರಿಯಾ ಯುದ್ಧ ನಡೆಯುತ್ತಿತ್ತು. ಹುಡುಗರನ್ನು ಸೈನ್ಯಕ್ಕೆ ಕರೆಯುವ ಮುಂಚೆ ಒಂದೆರಡು ವರ್ಷವಾದರೂ ಕಾಲೇಜು ಓದಿಸಬೇಕು ಅನ್ನುವ ಅವಸರ. ಹಾಗಾಗಿ ಷಿಕಾಗೊ, ಕೊಲಂಬಿಯಾ, ಯೇಲ್, ವಿಸ್ಕಾನ್ಸಿನ್ ವಿಶ್ವವಿದ್ಯಾಲಯಗಳು ಹೈಸ್ಕೂಲು ಇನ್ನೂ ಮುಗಿಸದ ಜಾಣ ಹುಡುಗರನ್ನು ನಿಧಿಯ ಖರ್ಚಿನಲ್ಲಿ ಸೇರಿಸಿಕೊಂಡವು. ಅದೇ ನಿಧಿಯ ದುಡ್ಡಿನಲ್ಲಿ ಇನ್ನೆರಡು ಕೆಲಸ ನಡೆದವು. ಆಂಡೋವರ್, ಎಕ್ಸೆಟರ್, ಲಾರೆನ್ಸ್‌ವಿಲ್ ಎಂಬ ಮೂರು ಶ್ರೀಮಂತ ವಸತಿ ಶಾಲೆಗಳು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಜೊತೆ ಕೂತು, ಶಾಲೆಯ ಕೊನೆಯ ಎರಡು ವರ್ಷ ಮತ್ತು ಕಾಲೇಜಿನ ಮೊದಲ ಎರಡು ವರ್ಷದ ಪಾಠಗಳನ್ನು ಪಕ್ಕಪಕ್ಕ ಇಟ್ಟು ನೋಡಿದವು. ಓದಿದ್ದನ್ನೇ ಮತ್ತೆ ಓದಿಸುತ್ತಿದ್ದೇವೆ ಅನ್ನುವುದು ಗೊತ್ತಾಯಿತು. ಇತ್ತ ಓಹಾಯೊದ ಕೆನ್ಯನ್ ಕಾಲೇಜಿನ ಅಧ್ಯಕ್ಷ ಗಾರ್ಡನ್ ಚಾಮರ್ಸ್ ಹನ್ನೆರಡು ಕಾಲೇಜುಗಳನ್ನು ಒಟ್ಟುಗೂಡಿಸಿದರು. ಶಾಲೆಯಲ್ಲೇ ಕಾಲೇಜು ಮಟ್ಟದ ಪಾಠ ಮಾಡಿ, ಪರೀಕ್ಷೆ ಇಟ್ಟು, ಪಾಸಾದವರಿಗೆ ಕ್ರೆಡಿಟ್ ಕೊಡೋಣ ಅನ್ನುವುದು ಅವರ ಯೋಜನೆ.

ಇದೇ ಮುಂದೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಆಯಿತು. ಎಪಿ ಅಂತ ಅಲ್ಲಿನ ಕನ್ನಡ ಮನೆಗಳಲ್ಲೂ ದಿನಾ ಕೇಳುವ ಮಾತು. ಕಾಲೇಜು ಪ್ರವೇಶದ ಪರೀಕ್ಷೆಗಳನ್ನು ನೋಡಿಕೊಳ್ಳುವ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಇದನ್ನು ವಹಿಸಿಕೊಂಡ ಮೇಲೆ, 1956ರಲ್ಲಿ 104 ಶಾಲೆಗಳ 1,229 ಮಕ್ಕಳು ಪರೀಕ್ಷೆ ಬರೆದರು. ಇಡೀ ದೇಶಕ್ಕೆ ಅಷ್ಟೇ. ಮರುವರ್ಷ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಜಾಣ ಮಕ್ಕಳನ್ನು ಬೇಗ ಮುಂದೆ ತರಬೇಕು ಅನ್ನುವ ಕೂಗು ಜೋರಾಯಿತು, ಎಪಿ ಬೆಳೆಯಿತು. ಆದರೂ ಬಹಳ ಕಾಲ ಅದು ಒಳ್ಳೆಯ ಶಾಲೆಯ, ಅನುಕೂಲಸ್ಥ ಮಕ್ಕಳ ಪರೀಕ್ಷೆಯಾಗಿಯೇ ಉಳಿಯಿತು.

ಆ ಗೋಡೆ ಎಷ್ಟು ಗಟ್ಟಿಯಾಗಿತ್ತು ಅನ್ನುವುದು 1982ರಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಪೂರ್ವ ಲಾಸ್ ಏಂಜಲಿಸ್‌ನ ಗಾರ್ಫೀಲ್ಡ್ ಹೈಸ್ಕೂಲಿನಲ್ಲಿ ಓದುತ್ತಿದ್ದವರು ಹೆಚ್ಚಾಗಿ ಮೆಕ್ಸಿಕೊ ಮೂಲದ ಕೂಲಿ ಕುಟುಂಬಗಳ ಮಕ್ಕಳು. ಬೊಲಿವಿಯಾದಿಂದ ಬಂದಿದ್ದ ಹೈಮೆ ಎಸ್ಕಲಾಂಟೆ ಎಂಬ ಮೇಷ್ಟ್ರು ಅವರಿಗೆ ಕ್ಯಾಲ್ಕುಲಸ್ ಕಲಿಸಿದರು. ಆ ವರ್ಷ 18 ಮಕ್ಕಳು ಎಪಿ ಕ್ಯಾಲ್ಕುಲಸ್ ಬರೆದರು, ಅಷ್ಟೂ ಮಕ್ಕಳು ಪಾಸು. ಪರೀಕ್ಷೆ ನಡೆಸುವ ಸಂಸ್ಥೆಗೆ ಅನುಮಾನ ಬಂತು. 14 ಮಕ್ಕಳ ಉತ್ತರಗಳು ಒಂದಕ್ಕೊಂದು ಹೋಲುತ್ತವೆ ಎಂದಿತು. ಅವರಲ್ಲಿ 12 ಮಂದಿ ಮತ್ತೆ ಪರೀಕ್ಷೆಗೆ ಕೂತರು. ಹನ್ನೆರಡೂ ಮಂದಿ ಮತ್ತೆ ಪಾಸಾದರು. ಈ ಕಥೆಯನ್ನು ನಾನು ಎಷ್ಟು ಸಲ ಓದಿದರೂ ಆ ಎರಡನೇ ಪರೀಕ್ಷೆಯ ಬೆಳಿಗ್ಗೆ ಆ ಮಕ್ಕಳ ಹೊಟ್ಟೆಯೊಳಗೆ ಏನಾಗುತ್ತಿತ್ತೋ ಅಂತ ಯೋಚನೆ ಬರುತ್ತದೆ.

ಎಪಿಯಲ್ಲಿ ಎಲ್ಲವೂ ಮೇ ತಿಂಗಳ ಒಂದು ಪರೀಕ್ಷೆಯ ಮೇಲೆ ನಿಂತಿದೆ. ವರ್ಷವಿಡೀ ಓದಿಯೂ ಆ ದಿನ ಕೈಕೊಟ್ಟರೆ ಕ್ರೆಡಿಟ್ ಇಲ್ಲ. ಇನ್ನೊಂದು ದಾರಿಗೆ ಉದಾಹರಣೆ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್. 1972ರಲ್ಲಿ ಅಲ್ಲಿನ ಏಳು ಹೈಸ್ಕೂಲುಗಳ ಮುಖ್ಯಸ್ಥರು ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೋದರು. ಕೊನೆಯ ವರ್ಷದ ಮಕ್ಕಳು ಬೇಕಾದ ಪಾಠಗಳನ್ನೆಲ್ಲ ಮುಗಿಸಿ ಸುಮ್ನೆ ಕೂತಿರುತ್ತಾರೆ, ಏನಾದರೂ ಮಾಡಿ ಅಂತ ಕೇಳಿದರು. ವಿಶ್ವವಿದ್ಯಾಲಯ ಅವೇ ಶಾಲೆಗಳ ಮೇಷ್ಟರಿಗೆ ತರಬೇತಿ ಕೊಟ್ಟು ತನ್ನದೇ ಕೋರ್ಸುಗಳನ್ನು ಅವರಿಂದ ಮಾಡಿಸಿತು. ಅದೇ ಪಾಠ, ಅದೇ ಗ್ರೇಡು. ಹೀಗೆ ಒಂದೇ ಕೋರ್ಸಿಗೆ ಶಾಲೆಯಲ್ಲೂ ಕಾಲೇಜಿನಲ್ಲೂ ಲೆಕ್ಕ ಸಿಗುವುದನ್ನು ಡುಯಲ್ ಎನ್‌ರೋಲ್‌ಮೆಂಟ್ ಅನ್ನುತ್ತಾರೆ.

ಆದರೆ ದುಡ್ಡು ಯಾರು ಕೊಡಬೇಕು? ನನ್ನ ಪ್ರಕಾರ ಇಡೀ ಇತಿಹಾಸದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಇದಕ್ಕೆ ಮೊದಲು ನೇರವಾಗಿ ಉತ್ತರ ಕೊಟ್ಟದ್ದು ಮಿನೆಸೊಟಾ. 1985ರಲ್ಲಿ ಡೆಮಾಕ್ರಟಿಕ್ ಪಕ್ಷದ ಗವರ್ನರ್ ರೂಡಿ ಪರ್ಪಿಚ್ ಮತ್ತು ವಿಧಾನಸಭೆಯಲ್ಲಿ ರಿಪಬ್ಲಿಕನ್ ನಾಯಕಿಯಾಗಿದ್ದ ಕಾನಿ ಲೆವಿ ಕೈಜೋಡಿಸಿ ಒಂದು ಕಾನೂನು ತಂದರು. ಹನ್ನೊಂದು, ಹನ್ನೆರಡನೇ ಕ್ಲಾಸಿನ ಯಾವ ಮಗು ಬೇಕಾದರೂ ಕಾಲೇಜಿಗೆ ಹೋಗಿ ಕೋರ್ಸು ಮಾಡಬಹುದು. ಫೀಸೂ ಪುಸ್ತಕವೂ ಮನೆಯವರ ಮೇಲೆ ಬೀಳುವುದಿಲ್ಲ. ಆ ಮಗುವಿಗೆಂದು ಶಾಲೆಗೆ ಬರುತ್ತಿದ್ದ ಸರ್ಕಾರಿ ದುಡ್ಡಿನಲ್ಲಿ ಒಂದು ಪಾಲು ಕಾಲೇಜಿಗೆ ಹೋಗುತ್ತದೆ. ಶಾಲೆಗಳು ಗಟ್ಟಿಯಾಗಿ ವಿರೋಧಿಸಿದವು. ಅವರ ನೋವೂ ಸುಳ್ಳಲ್ಲ. ಹಳ್ಳಿ ಕಡೆಯ ಸಣ್ಣ ಶಾಲೆಯಿಂದ ಹತ್ತು ಮಕ್ಕಳು ಹೋದರೂ ಒಬ್ಬ ಮೇಷ್ಟ್ರ ಸಂಬಳಕ್ಕೆ ಪೆಟ್ಟು. ಆದರೂ ದುಡ್ಡಿಲ್ಲದ ಮನೆಯ ಮಗುವಿಗೆ ಬಾಗಿಲು ನಿಜವಾಗಿ ತೆರೆದದ್ದು ಆ ಕಾನೂನಿನಿಂದಲೇ ಅನ್ನುವುದು ನನ್ನ ಅಭಿಪ್ರಾಯ. 1990ರಲ್ಲಿ ವಾಷಿಂಗ್ಟನ್ ರಾಜ್ಯ ಇದೇ ದಾರಿ ಹಿಡಿಯಿತು, ಆಮೇಲೆ ಇತರ ರಾಜ್ಯಗಳು.

ಇದರ ಜೊತೆಗೆ ಇನ್ನೊಂದು ಪ್ರಯೋಗವೂ ನಡೆಯಿತು. ಶಾಲೆ ಬಿಟ್ಟುಬಿಡುವ ಭಯವಿರುವ ಮಕ್ಕಳಿಗಾಗಿ 1974ರಲ್ಲಿ ನ್ಯೂಯಾರ್ಕಿನ ಲಾಗ್ವಾರ್ಡಿಯಾ ಕಮ್ಯುನಿಟಿ ಕಾಲೇಜಿನ (ಕಮ್ಯುನಿಟಿ ಕಾಲೇಜು ಅಂದರೆ ಹೆಚ್ಚಾಗಿ ಎರಡು ವರ್ಷದ ಕೋರ್ಸಿನ ಸರ್ಕಾರಿ ಕಾಲೇಜು) ಒಳಗೇ ಒಂದು ಹೈಸ್ಕೂಲು ತೆರೆದರು. 2002ರಲ್ಲಿ ಗೇಟ್ಸ್ ಫೌಂಡೇಶನ್ ಇಂಥ ಶಾಲೆಗಳಿಗೆ ದುಡ್ಡು ಹಾಕಿತು. ಅರ್ಜಿ ಜಾಸ್ತಿ ಬಂದ ಕಡೆ ಲಾಟರಿ ಎತ್ತಿ ಸೇರಿಸಿಕೊಳ್ಳುತ್ತಿದ್ದರು. ಹಾಗಾಗಿ ಲಾಟರಿಯಲ್ಲಿ ಸೀಟು ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಹೋಲಿಸಿ ನೋಡುವ ಅವಕಾಶ ಸಂಶೋಧಕರಿಗೆ ಸಿಕ್ಕಿತು. ಸೀಟು ಸಿಕ್ಕವರಲ್ಲಿ ಡಿಗ್ರಿ ಮುಗಿಸಿದವರು ಹೆಚ್ಚಿದ್ದರು.

2022-23ರ ಹೊತ್ತಿಗೆ ಡುಯಲ್ ಎನ್‌ರೋಲ್‌ಮೆಂಟಿನಲ್ಲಿ ಸುಮಾರು 25 ಲಕ್ಷ ಹೈಸ್ಕೂಲು ಮಕ್ಕಳಿದ್ದರು. ಕಮ್ಯುನಿಟಿ ಕಾಲೇಜುಗಳಲ್ಲಿ ಸುಮಾರು ಐವರಲ್ಲಿ ಒಬ್ಬರು ಹೈಸ್ಕೂಲಿನವರು. ಫೀಸು ಮಾತ್ರ ಇಂದಿಗೂ ಎಲ್ಲ ಕಡೆ ಒಂದೇ ಥರ ಇಲ್ಲ. ಬಡ ಮಕ್ಕಳಿಗೆ ಇದನ್ನು ಉಚಿತ ಮಾಡುವ ಯೋಜನೆಯನ್ನು ಟೆಕ್ಸಾಸ್ ತಂದದ್ದು 2023ರಲ್ಲಿ, ಅದೂ ಯೋಜನೆಗೆ ಸೇರಿಕೊಂಡ ಕಾಲೇಜುಗಳಲ್ಲಿ ಮಾತ್ರ.

ಸಿಕ್ಕಿದ ಕ್ರೆಡಿಟ್ ಮುಂದೆ ನಡೆಯುತ್ತದೋ ಇಲ್ಲವೋ ಅನ್ನುವುದು ಬೇರೆಯೇ ತಲೆನೋವು. ಎಪಿಯಲ್ಲಿ 5ಕ್ಕೆ 3 ಬಂದರೆ ಇಲಿನಾಯ್‌ನ ಸರ್ಕಾರಿ ಕಾಲೇಜುಗಳು ಕ್ರೆಡಿಟ್ ಕೊಡಲೇಬೇಕು ಅಂತ 2015ರಲ್ಲಿ ಕಾನೂನಾಯಿತು. ಅದೇ ಡಾರ್ಟ್‌ಮತ್ ಕಾಲೇಜು, 2014ರಿಂದ ಸೇರುವವರಿಗೆ ಎಪಿಗೆ ಕ್ರೆಡಿಟ್ ಇಲ್ಲ ಎಂದಿತು. ಡುಯಲ್ ಎನ್‌ರೋಲ್‌ಮೆಂಟಿನ ಕೋರ್ಸನ್ನು ಅದೇ ರಾಜ್ಯದ ಸರ್ಕಾರಿ ಕಾಲೇಜು ಒಪ್ಪಬಹುದು, ದೂರದ ಖಾಸಗಿ ಕಾಲೇಜು ಒಪ್ಪದೇ ಇರಬಹುದು. ಒಪ್ಪಿದರೂ ಕೆಲವು ಸಲ ಅದು ಮಗು ಓದಬೇಕೆಂದಿರುವ ವಿಷಯಕ್ಕೆ ಸೇರುವುದಿಲ್ಲ, ಸುಮ್ನೆ ಹೆಚ್ಚುವರಿ ಅಂತ ಬಿದ್ದಿರುತ್ತದೆ. ಇನ್ನೂ ಒಂದು ವಿಷಯವನ್ನು ಮಕ್ಕಳಿಗೆ ಮುಂಚೆಯೇ ಹೇಳಬೇಕು. ಎಪಿಯಲ್ಲಿ ಅಂಕ ಕಡಿಮೆ ಬಂದರೆ ಆ ಅಂಕವನ್ನು ಕಾಲೇಜಿಗೆ ಕಳಿಸದೇ ಇರಬಹುದು. ಡುಯಲ್ ಎನ್‌ರೋಲ್‌ಮೆಂಟಿನಲ್ಲಿ ಹಾಗಲ್ಲ. ಹದಿನಾರನೇ ವಯಸ್ಸಿನಲ್ಲಿ ಕೆಟ್ಟ ಗ್ರೇಡು ಬಂದರೆ ಅದು ಕಾಲೇಜಿನ ದಾಖಲೆಯಲ್ಲೇ ಕೂತಿರುತ್ತದೆ, ಮುಂದೆ ಸರ್ಕಾರದ ಹಣಸಹಾಯ ಕೇಳುವಾಗಲೂ ಅಡ್ಡ ಬರಬಹುದು.

ಕಾಲೇಜು ಓದಿದ ಅಪ್ಪ ಅಮ್ಮ ಇದನ್ನೆಲ್ಲ ವಿಚಾರಿಸಿ ತಿಳಿದುಕೊಳ್ಳುತ್ತಾರೆ. ಮನೆಯಲ್ಲಿ ಕಾಲೇಜು ಕಂಡವರೇ ಇಲ್ಲದ ಮಗುವಿಗೆ ಇದನ್ನು ಹೇಳಬೇಕಾದವರು ಶಾಲೆಯ ಕೌನ್ಸೆಲರ್. ಒಬ್ಬ ಕೌನ್ಸೆಲರಿಗೆ 250 ಮಕ್ಕಳು ಸಾಕು ಅಂತ ಅವರ ಸಂಘವೇ ಹೇಳುತ್ತದೆ. ದೇಶದ ಸರಾಸರಿ 350ಕ್ಕಿಂತ ಜಾಸ್ತಿ ಇದೆ.