ಪದ ಪರಿಚಯ: ಇಂಟ್‌ಲಿಸ್ಟ್

ವಿಜಯಪುರದ ಕಡೆ ಬಾಕ್ಸ್ ಅಂದರೆ ಒಣದ್ರಾಕ್ಷಿ ಬಾಕ್ಸ್. ಸುಮಾರು 15 ಕೆಜಿ ಹಿಡಿಯುವ ರಟ್ಟಿನ ಡಬ್ಬಿ. ಕೋಲ್ಡ್ ಸ್ಟೋರೇಜ್‌ಗಳಲ್ಲಿ ಇವನ್ನು ಛಾವಣಿ ಮುಟ್ಟುವಷ್ಟು ಪೇರಿಸಿರುತ್ತಾರೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವವರಿಗೂ ಒಂದು ಬಾಕ್ಸ್ ಇದೆ, ಆದರೆ ಅದರ ಲೆಕ್ಕ ವಿಚಿತ್ರ. ಒಂದೊಂದು ದ್ರಾಕ್ಷಿಗೂ ಒಂದೊಂದು ಡಬ್ಬಿ ಮಾಡುತ್ತಾರೆ. ಆ ಡಬ್ಬಿ ಗೋದಾಮಿನಲ್ಲಿ ಎಲ್ಲಿದೆ ಅಂತ ಒಂದು ಚೀಟಿ ಬರೆಯುತ್ತಾರೆ. ಸಾಲಾಗಿ ಜೋಡಿಸಿಡುವುದು ದ್ರಾಕ್ಷಿಯನ್ನಲ್ಲ, ಆ ಚೀಟಿಗಳನ್ನು!

ಇಂಟ್‌ಲಿಸ್ಟ್ ಈ ಡಬ್ಬಿ, ಚೀಟಿ ಎರಡನ್ನೂ ತಪ್ಪಿಸುವ ಪಟ್ಟಿ. ಪೂರ್ಣಾಂಕಗಳಿಗೆ ಮಾತ್ರ ಮೀಸಲು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಜಾವಾದಲ್ಲಿ ಪೂರ್ಣಾಂಕಕ್ಕೆ ಎರಡು ರೂಪ. ಇಂಟ್ ಅಂದರೆ ಬರೀ ಸಂಖ್ಯೆ, 4 ಬೈಟ್. ಇಂಟೀಜರ್ ಅಂದರೆ ಅದೇ ಸಂಖ್ಯೆಯನ್ನು ಒಳಗಿಟ್ಟುಕೊಂಡ ಆಬ್ಜೆಕ್ಟ್, ಅಂದರೆ ಡಬ್ಬಿ. 2004ರಲ್ಲಿ ಜಾವಾ 5 ಜೊತೆ ಜೆನೆರಿಕ್ಸ್ ಬಂತು, ಅಂದರೆ ಪಟ್ಟಿಯಲ್ಲಿ ಯಾವ ಬಗೆಯದು ಇರುತ್ತದೆ ಅಂತ ಮೊದಲೇ ಬರೆದಿಡುವ ಸೌಲಭ್ಯ. ಆದರೆ ಅದು ಆಬ್ಜೆಕ್ಟ್‌ಗಳನ್ನು ಮಾತ್ರ ಒಪ್ಪುತ್ತದೆ. ಲಿಸ್ಟ್<ಇಂಟ್> ಅಂತ ಬರೆದರೆ ಕೋಡನ್ನು ಅನುವಾದಿಸುವ ಕಂಪೈಲರ್ ಬಿಡುವುದಿಲ್ಲ, ಲಿಸ್ಟ್<ಇಂಟೀಜರ್> ಅಂತಲೇ ಬರೆಯಬೇಕು. ಡಬ್ಬಿ ಕಟ್ಟುವ, ಬಿಚ್ಚುವ ಕೆಲಸವನ್ನು ಅದೇ ಜಾವಾ 5 ತಾನೇ ಸದ್ದಿಲ್ಲದೆ ಮಾಡಿಕೊಡಲು ಶುರು ಮಾಡಿತು. ಇದಕ್ಕೆ ಆಟೊಬಾಕ್ಸಿಂಗ್ ಅಂತ ಹೆಸರು. ಕಣ್ಣಿಗೆ ಕಾಣದ ಕೆಲಸ, ಆದರೆ ಪುಕ್ಕಟೆ ಅಲ್ಲ. ಸಾಮಾನ್ಯವಾಗಿ ಬಳಸುವ 64 ಬಿಟ್ ಜೆವಿಎಂನಲ್ಲಿ (ಜಾವಾ ಪ್ರೋಗ್ರಾಂಗಳನ್ನು ಓಡಿಸುವ ತಂತ್ರಾಂಶ) ಒಂದು ಇಂಟೀಜರ್ ಡಬ್ಬಿ 16 ಬೈಟ್, ಅದರ ಚೀಟಿ 4 ಬೈಟ್. 4 ಬೈಟಿನ ಸಂಖ್ಯೆಗೆ 20 ಬೈಟ್ ಖರ್ಚು. 10 ಲಕ್ಷ ಸಂಖ್ಯೆ ಇದ್ದರೆ 4 ಎಂಬಿ ಆಗಬೇಕಾದ ಜಾಗ 20 ಎಂಬಿ ಆಗುತ್ತದೆ. ಸಾಲದ್ದಕ್ಕೆ ಡಬ್ಬಿಗಳು ಮೆಮೊರಿಯಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದಿರಬಹುದು. ಚೀಟಿ ಹಿಡಿದು ಹುಡುಕುತ್ತಾ ಹೋಗುವುದರಲ್ಲೇ ಪ್ರೊಸೆಸರ್‌ನ ಹೊತ್ತು ಕಳೆಯುತ್ತದೆ.

ಜಾಗ, ವೇಗದ ಮಾತು ಎಲ್ಲರೂ ಹೇಳುತ್ತಾರೆ. ನನಗೆ ಇಂಟ್‌ಲಿಸ್ಟ್ ಬೇಕು ಅನಿಸಿದ್ದು ಬೇರೆ ಕಾರಣಕ್ಕೆ.

ನಮ್ಮ ಕಾಕಾ ಒಣದ್ರಾಕ್ಷಿ ವ್ಯಾಪಾರದವರು. ಡಬ್ಬಿ ಗೋದಾಮಿನ ಒಳಗೆ ಬಂದಾಗಿನ ತೂಕ, ಹೊರಗೆ ಹೋಗುವಾಗಿನ ತೂಕ ಎರಡನ್ನೂ ಹೋಲಿಸುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಎರಡು ಪಟ್ಟಿ, ಎರಡೂ ಲಿಸ್ಟ್<ಇಂಟೀಜರ್>. ಮನೆಯಲ್ಲಿ ಕೆಜಿ ಲೆಕ್ಕದಲ್ಲಿ ಪರೀಕ್ಷೆ ಮಾಡಿದೆ. 15ಕ್ಕೆ 15 ಸಮ, 14ಕ್ಕೆ 14 ಸಮ. ಎಲ್ಲಾ ಸರಿ ಇತ್ತು. ಗೋದಾಮಿನ ತಕ್ಕಡಿ ಗ್ರಾಂನಲ್ಲಿ ತೂಕ ಕೊಡುತ್ತಿತ್ತು. ಅಲ್ಲಿ ಹಾಕಿದ ದಿನವೇ ಕಾಕಾ ಫೋನ್ ಮಾಡಿದರು: "ತಮ್ಮಾ, ಎರಡೂ ಕಡೆ 15240 ಅಂತ ಬರದೈತಿ. ಮತ್ತ ಬ್ಯಾರೆ ಬ್ಯಾರೆ ಅಂತ ಕೆಂಪು ಗೆರಿ ಯಾಕ ಹಾಕೇತಿ ಇದು?"

ತಪ್ಪು ನನ್ನದೇ. ಹೋಲಿಕೆಗೆ == ಬಳಸಿದ್ದೆ. ಡಬ್ಬಿಗಳ ನಡುವೆ == ಹಾಕಿದರೆ ಅದು ಒಳಗಿನ ಸಂಖ್ಯೆ ನೋಡುವುದಿಲ್ಲ, ಎರಡೂ ಒಂದೇ ಡಬ್ಬಿಯಾ ಅಂತ ನೋಡುತ್ತದೆ. ಮೈನಸ್ 128ರಿಂದ 127ರವರೆಗಿನ ಸಂಖ್ಯೆಗಳಿಗೆ ಮಾತ್ರ ಜಾವಾ ಮೊದಲೇ ಡಬ್ಬಿ ಕಟ್ಟಿಟ್ಟು, ಕೇಳಿದವರಿಗೆಲ್ಲ ಅದನ್ನೇ ಕೊಡುತ್ತದೆ. ಅದಕ್ಕೇ 15 ಪಾಸಾಯಿತು, 15240 ಫೇಲಾಯಿತು. ಒಳಗಿನ ಸಂಖ್ಯೆ ನೋಡುವ ಈಕ್ವಲ್ಸ್ ಬಳಸಿದ್ದರೆ ಬಚಾವಾಗುತ್ತಿದ್ದೆ, ನಿಜ. ಆದರೆ ಡಬ್ಬಿಯೇ ಇಲ್ಲದಿದ್ದರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ, ಅಲ್ವಾ?

ಫಾಸ್ಟ್‌ಯುಟಿಲ್ ಎಂಬ ಲೈಬ್ರರಿಯ (ಸಿದ್ಧ ಕೋಡಿನ ಸಂಗ್ರಹ) ಇಂಟ್‌ಲಿಸ್ಟ್ ಹಿಡಿದದ್ದು ಆಗ. ಇಟಲಿಯ ಮಿಲಾನ್ ವಿಶ್ವವಿದ್ಯಾಲಯದ ಸೆಬಾಸ್ಟಿಯಾನೊ ವಿನ್ಯಾ ಅವರ ಕೆಲಸ ಅದು. ಇಂಟ್‌ಲಿಸ್ಟ್ ಒಂದು ಇಂಟರ್‌ಫೇಸ್, ಅಂದರೆ ಕರಾರು ಪತ್ರ ಇದ್ದ ಹಾಗೆ. ಏನೇನು ಕೆಲಸ ಸಿಗುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಮಾಡುವವರು ಬೇರೆ. ಹೆಚ್ಚಾಗಿ ಇಂಟ್‌ಅರೇಲಿಸ್ಟ್, ಅದರ ಒಳಗಿರುವುದು ಬರೀ ಇಂಟ್ ಅರೇ, ಅಂದರೆ ಸಂಖ್ಯೆಗಳದ್ದೇ ಸಾಲು. ಲಾಂಗ್‌ಲಿಸ್ಟ್, ಡಬಲ್‌ಲಿಸ್ಟ್ ಅಂತ ಒಂದೊಂದು ಟೈಪಿಗೂ ಒಂದೊಂದು ಕರಾರು ಇದೆ. ಇಷ್ಟೆಲ್ಲವನ್ನು ಯಾರೂ ಕೂತು ಬರೆದದ್ದಲ್ಲ. ಒಂದೇ ಅಚ್ಚಿನಿಂದ, ಸಿ ಭಾಷೆಯ ಪ್ರಿಪ್ರೊಸೆಸರ್ ಬಳಸಿ ತೆಗೆದದ್ದು. ಜಾವಾದ ಕೊರತೆ ಮುಚ್ಚಲು ಸಿ ಬರಬೇಕಾಯಿತು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಈ ಕರಾರಿನಲ್ಲಿ ಹೆಸರುಗಳನ್ನು ಗಮನಿಸಿ. ಗೆಟ್ ಬದಲು ಗೆಟ್‌ಇಂಟ್. ಹಳೆಯ ಗೆಟ್ ಕೂಡ ಇದೆ, ಆದರೆ ಅದು ಡಬ್ಬಿ ಕಟ್ಟಿ ಕೊಡುತ್ತದೆ ಅಂತ ಅದಕ್ಕೆ ಗೆರೆ ಎಳೆದು ಎಚ್ಚರಿಸುತ್ತಾರೆ. ಅಳಿಸುವ ಕಡೆಯಂತೂ ಹೆಸರೇ ಕಾಪಾಡುತ್ತದೆ. ಸಾದಾ ಲಿಸ್ಟ್<ಇಂಟೀಜರ್>ಗೆ ರಿಮೂವ್(3) ಅಂದರೆ 3 ಎಂಬ ಸಂಖ್ಯೆ ಹೋಗುವುದಿಲ್ಲ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ನಾಲ್ಕನೇ ಜಾಗದಲ್ಲಿ ಏನಿದೆಯೋ ಅದು ಹೋಗುತ್ತದೆ. ಇಂಟ್‌ಲಿಸ್ಟ್‌ನಲ್ಲಿ ಜಾಗ ಹೇಳಿ ತೆಗೆಯಲು ರಿಮೂವ್‌ಇಂಟ್, ಸಂಖ್ಯೆ ಹೇಳಿ ತೆಗೆಯಲು ರೆಮ್. ಗೊಂದಲವೇ ಇಲ್ಲ.

ಆದರೆ ಇಂಟ್‌ಲಿಸ್ಟ್ ಅನ್ನೋ ಹೆಸರು ನೋಡಿ ಎಲ್ಲಾ ಒಂದೇ ಅಂದುಕೊಳ್ಳಬೇಡಿ. ಎಕ್ಲಿಪ್ಸ್ ಕಲೆಕ್ಷನ್ಸ್ ಎಂಬ ಇನ್ನೊಂದು ಲೈಬ್ರರಿಯಲ್ಲೂ ಇಂಟ್‌ಲಿಸ್ಟ್ ಇದೆ. ಅದು ಓದಲು ಮಾತ್ರ. ತಿದ್ದಬೇಕಾದರೆ ಮ್ಯೂಟಬಲ್‌ಇಂಟ್‌ಲಿಸ್ಟ್. ಅಲ್ಲಿ ರಿಮೂವ್(3) ಅಂದರೆ 3 ಎಂಬ ಸಂಖ್ಯೆಯೇ ಹೋಗುತ್ತದೆ, ಜಾವಾ ಲಿಸ್ಟ್‌ಗೆ ಪೂರಾ ಉಲ್ಟಾ! ಅದು ಜಾವಾದ ಲಿಸ್ಟ್ ಕುಟುಂಬಕ್ಕೆ ಸೇರಿದ್ದೂ ಅಲ್ಲ. ಫಾಸ್ಟ್‌ಯುಟಿಲ್‌ನದು ಸೇರುತ್ತದೆ, ಹಾಗಾಗಿ ಲಿಸ್ಟ್<ಇಂಟೀಜರ್> ಕೇಳುವ ಹಳೆಯ ಕೋಡಿಗೂ ಕೊಡಬಹುದು. ಕೊಟ್ಟ ಕೂಡಲೇ ಅಲ್ಲಿ ಮತ್ತೆ ಡಬ್ಬಿ ಕಟ್ಟುವುದು ಶುರು, ಅಷ್ಟೇ.

ಇಪ್ಪತ್ತು ಮೂವತ್ತು ಸಂಖ್ಯೆಗಾಗಿ ಇದೆಲ್ಲ ಬೇಡ. ಸುಮ್ನೆ ಒಂದು ಲೈಬ್ರರಿ ಜಾಸ್ತಿ ಆಗುತ್ತದೆ. ಬೇಕೇ ಬೇಕು ಅಂದರೆ ಫಾಸ್ಟ್‌ಯುಟಿಲ್‌ನದೇ ಚಿಕ್ಕ ಕೋರ್ ಜಾರ್ ಫೈಲ್ ಸಿಗುತ್ತದೆ.

ಇನ್ನೊಂದು ವಿಷಯ. ಡಬ್ಬಿ ಇಲ್ಲ ಅಂದಮೇಲೆ ಖಾಲಿ ಅನ್ನುವುದೂ ಇಲ್ಲ. ಇಂಟ್‌ಲಿಸ್ಟ್‌ನಲ್ಲಿ ನಲ್ (ಏನೂ ಇಲ್ಲ ಅನ್ನುವ ಗುರುತು) ಇಡಲು ಬರುವುದಿಲ್ಲ. ಇನ್ನೂ ತೂಕ ಆಗದ ಡಬ್ಬಿಗಳಿಗೆ ನಾನು ಮೈನಸ್ 1 ಹಾಕಿ ಸುಮ್ಮನಾದೆ. ವಾರ ಕಳೆದ ಮೇಲೆ ಕಾಕಾ ಒಟ್ಟು ತೂಕವನ್ನು ತಮ್ಮ ಖಾತೆ ಪುಸ್ತಕದ ಜೊತೆ ತಾಳೆ ನೋಡಿ ಕೇಳಿದರು: "ಎಲ್ಲಾ ಬರೋಬರಿ ಐತಿ ತಮ್ಮಾ, ಮೂರು ಗ್ರಾಂ ಎಲ್ಲಿ ಹೋತು?"