ಗೋಲಾ ಹೋಯಿತು, ಟೇಶನ್ನೂ ಹೋಯಿತು

ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಬೀಗ ಬಿದ್ದ ಹಳ್ಳಿ ಟೇಶನ್ ಕಂಡವರು ‘ಜನ ಹತ್ತಲಿಲ್ಲ, ಮುಚ್ಚಿದರು’ ಅಂದುಬಿಡುತ್ತಾರೆ. ಅದು ಅರ್ಧ ಸತ್ಯ. ಇಂಥ ಟೇಶನ್ನುಗಳನ್ನು ಕಟ್ಟಿದ್ದು ಜನ ಹತ್ತಲಿ ಎಂದಷ್ಟೇ ಅಲ್ಲ, ಗಾಡಿ ಸುರಕ್ಷಿತವಾಗಿ ದಾಟಲಿ ಎಂದು.

1876–78ರ ಭೀಕರ ಬರದಲ್ಲಿ ಕಾಳುಕಡಿ ಹೊತ್ತು ತರಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತವು. ಆ ಪಾಠದಿಂದ ಬಂದದ್ದು ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ಗದಗಿನವರೆಗಿನ ಮೀಟರ್ ಗೇಜ್ ರೈಲು ಮಾರ್ಗ. 1884ರಲ್ಲಿ ಗಾಡಿ ಓಡಿತು. ಹೊಟಗಿಯಲ್ಲಿ ಮುಂಬೈ–ಮದ್ರಾಸ್ ಬ್ರಾಡ್ ಗೇಜ್ ಹಳಿ ಸಿಗುತ್ತಿತ್ತು. ಎರಡರ ಹಳಿಗಳ ನಡುವಿನ ಅಗಲವೇ ಬೇರೆ, ಹೀಗಾಗಿ ಅಲ್ಲಿಂದ ಮುಂದೆ ಹೋಗಬೇಕಾದ ಹತ್ತಿ ಅಂಡಿಗೆಗಳನ್ನು ಹಮಾಲರು ಇಳಿಸಿ ಮತ್ತೆ ಏರಿಸಬೇಕಿತ್ತು.

ಒಂಟಿ ಹಳಿಯ ಮೇಲೆ ಎದುರುಬದುರು ಗಾಡಿ ಬರದಂತೆ ತಡೆಯುತ್ತಿದ್ದದ್ದು ಟೋಕನ್, ಅಂದರೆ ಮುಂದಿನ ಟೇಶನ್‌ವರೆಗೆ ಹೋಗಲು ಎಂಜಿನ್‌ನವರಿಗೆ ಕೊಡುವ ಪರವಾನಗಿ. ಎಷ್ಟೋ ಕಡೆ ಅದು ಮುಷ್ಟಿಯಲ್ಲಿ ಹಿಡಿಯುವಂಥ ಉಕ್ಕಿನ ಗೋಲಾ. ಪಕ್ಕದ ಟೇಶನ್ ಮಾಸ್ತರ ಗಂಟೆ ಬಾರಿಸಿ ಒಪ್ಪಿದ ಮೇಲೇ ಟೇಶನ್ನಿನ ಟೋಕನ್ ಯಂತ್ರ ಗೋಲಾ ಬಿಡುತ್ತಿತ್ತು. ಒಂದು ಹೊರಗಿದ್ದರೆ ಎರಡೂ ಕಡೆಯ ಯಂತ್ರಕ್ಕೆ ಬೀಗ. ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಅದನ್ನಿಟ್ಟು ಟೇಶನ್ನಿನ ಹಳಿ ಕೆಲಸದ ಆಳು ಪಾಯಿಂಟ್ಸ್‌ಮನ್ ಎತ್ತಿ ಹಿಡಿಯುತ್ತಿದ್ದ. ಎಂಜಿನ್‌ನವರು ಓಡುವ ಗಾಡಿಯಿಂದಲೇ ತೋಳು ತೂರಿಸಿ ಒಯ್ಯುತ್ತಿದ್ದರು. ಬಳೆ ಕೈತಪ್ಪಿ ಬಿದ್ದರೆ ಗಾಡಿ ನಿಲ್ಲಲೇಬೇಕು. ಯಂತ್ರ ಕೆಟ್ಟರೆ ಫೋನಿನಲ್ಲಿ ಗುಪ್ತ ಸಂಖ್ಯೆ ಪಡೆದು ಕಾಗದದ ಪರವಾನಗಿ ಬರೆದುಕೊಡಬೇಕು. ಹೀಗೆ ಮೂರು ಪಾಳಿಯಲ್ಲೂ ದೀಪ ಉರಿಯುತ್ತಿತ್ತು. ಉಗಿ ಎಂಜಿನ್ನಿಗೆ ನೀರು ತುಂಬುವ ಕಡೆಯಂತೂ ಕೆಲಸ ಇನ್ನೂ ಹೆಚ್ಚು.

ಡೀಸೆಲ್ ಬಂತು, ನೀರಿನ ಟಾಕಿ ಒಣಗಿತು. ಎಲ್ಲ ಕಡೆ ಒಂದೇ ಅಗಲದ ಹಳಿ ಹಾಕುವ 1992ರ ಏಕಗೇಜ್ ಯೋಜನೆಯ ನಂತರ 1,000 ಮಿ.ಮೀ. ಹಳಿ ಹೋಗಿ 1,676 ಮಿ.ಮೀ. ಹಳಿ ಬಂತು. ಈಗಿನ ಉದ್ದದ ಗೂಡ್ಸ್ ಗಾಡಿ ನಿಲ್ಲಲು ಸುಮಾರು 700 ಮೀಟರ್ ಲೂಪ್ ಬೇಕು, ಅಂದರೆ ಒಂದು ಗಾಡಿ ಸರಿದು ನಿಂತು ಇನ್ನೊಂದಕ್ಕೆ ದಾರಿ ಬಿಡುವ ಪಕ್ಕದ ಹಳಿ. ಮೀಟರ್ ಗೇಜ್ ಕಾಲದ ಲೂಪ್‌ಗೆ ಅಷ್ಟು ಉದ್ದವಿಲ್ಲ. ಲೂಪ್ ಕಿತ್ತರೆ ಎದುರುಬದುರು ಗಾಡಿಗಳ ಕ್ರಾಸಿಂಗ್ ಇಲ್ಲ, ಕ್ರಾಸಿಂಗ್ ಇಲ್ಲದಿದ್ದರೆ ಮಾಸ್ತರೂ ಬೇಕಿಲ್ಲ. ಟೇಶನ್ ಬರೀ ಗಾಡಿ ನಿಲ್ಲುವ ‘ಹಾಲ್ಟ್’ ಆಗುತ್ತದೆ, ಕಮಿಷನ್ ಏಜೆಂಟ್ ಟಿಕೆಟ್ ಕೊಡುತ್ತಾನೆ. ಪ್ಯಾಸೆಂಜರ್ ಗಾಡಿಯೂ ನಿಲ್ಲದಾದ ದಿನ ಅದೂ ಮುಗಿಯಿತು.

ಉಳಿದ ಕಲ್ಲಿನ ಕಟ್ಟಡಗಳನ್ನಾದರೂ ಕಾಯಬೇಕು. ಅವುಗಳ ಮೊದಲ ಶತ್ರು ಅರಳಿ ಸಸಿ. ಕೈಯಿಂದ ಕಿತ್ತರೆ ಕಲ್ಲೇ ಸಡಿಲಾಗುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಸತ್ತ ಮೇಲೆ ಸಂದು ಬಿಡಿಸಬೇಕು. ಆ ಸಂದಿಗೆ ಸಿಮೆಂಟ್ ತುಂಬಬಾರದು, ಒಳಗೆ ಸೇರಿದ ನೀರು ಹೊರಬರಲಾಗದೆ ಕಲ್ಲು ಪದರು ಪದರಾಗಿ ಉದುರುತ್ತದೆ. ಸುಣ್ಣದ ಗಾರೆಯೇ ಆಗಬೇಕು.