ಎರಡನೇ ಸಾಲು ಫೈಲಿನಲ್ಲಿ ಸಿಕ್ಕಿಕೊಂಡ ಕಥೆ

ಸೈನಿಕರ ಅಂಗವೈಕಲ್ಯ ಪಿಂಚಣಿಯ ವಿಷಯ ಎಷ್ಟು ಗೋಜಲಾಗಿದೆ ಅಂದರೆ, ಕೋರ್ಟಿನಿಂದ ಹೊಸ ಆದೇಶ ಬಂದಾಗಲೆಲ್ಲ "ಇದು ಹಿಂದೆಯೇ ಇತ್ಯರ್ಥ ಆಗಿತ್ತಲ್ವಾ?" ಅನಿಸುತ್ತದೆ. ಆಗಿತ್ತು. ಒಂದಕ್ಕಿಂತ ಜಾಸ್ತಿ ಸಲ.

ಡೆಹ್ರಾಡೂನ್‌ನಿಂದ ಶುರು ಮಾಡೋಣ. 1932ರ ಡಿಸೆಂಬರ್ 10ರಂದು ಭಾರತೀಯ ಸೇನಾ ಅಕಾಡೆಮಿಯನ್ನು ಉದ್ಘಾಟಿಸುತ್ತ ಆಗಿನ ಸೇನಾ ಮುಖ್ಯಸ್ಥ ಫಿಲಿಪ್ ಚೆಟ್‌ವುಡ್ ಮೂರು ಮಾತು ಹೇಳಿದರು. ದೇಶದ ಸುರಕ್ಷತೆ, ಗೌರವ, ಕ್ಷೇಮ ಯಾವಾಗಲೂ ಮೊದಲು. ನಿಮ್ಮ ಕೈಕೆಳಗಿನ ಸೈನಿಕರ ಗೌರವ, ಕ್ಷೇಮ, ಸೌಕರ್ಯ ಆಮೇಲೆ. ನಿಮ್ಮ ಸ್ವಂತ ಸುಖ ಕೊನೆಗೆ. ಅಕಾಡೆಮಿಯ ಆದರ್ಶವಾಗಿ, ಅಧಿಕಾರಿ ಆಗಲು ಅಲ್ಲಿಗೆ ತರಬೇತಿಗೆ ಬರುವ ಪ್ರತಿ ಕೆಡೆಟ್ ಇದನ್ನು ಬಾಯಿಪಾಠ ಮಾಡುತ್ತಾನೆ. ಮೊದಲನೆಯದು, ಮೂರನೆಯದು ಆ ಹುಡುಗರಿಂದ ನಾವು ಕೇಳುವಂಥವು. ಎರಡನೆಯದು ಕೆಳಗಿನವರಿಗೆ ಮೇಲಿನವರು ಕೊಟ್ಟ ಮಾತು, ತಕರಾರು ಇರುವುದೆಲ್ಲ ಅದರಲ್ಲೇ.

ಸ್ವಾತಂತ್ರ್ಯ, ಯುದ್ಧಗಳು, ಒಂದರ ಹಿಂದೊಂದು ವೇತನ ಆಯೋಗ ಎಲ್ಲವನ್ನೂ ದಾಟಿ ನೇರ ಮೆಡಿಕಲ್ ಬೋರ್ಡಿಗೆ ಬರೋಣ, ಯಾಕೆಂದರೆ ಗಂಟು ಬಿದ್ದಿರುವುದು ಅಲ್ಲಿ. ಕಾಯಿಲೆಯಿಂದ ಸೈನಿಕ ಸೇನೆ ಬಿಡುವಾಗ ಬೋರ್ಡಿನ ಡಾಕ್ಟರುಗಳು ಎರಡು ಪ್ರಶ್ನೆಗೆ ಉತ್ತರ ಬರೆಯಬೇಕು. ಕಾಯಿಲೆ ಸೇವೆಯಿಂದ ಬಂತಾ? ಸೇವೆಯಿಂದ ಉಲ್ಬಣಿಸಿತಾ? ಎರಡಕ್ಕೂ ಇಲ್ಲ ಅಂತ ಬರೆದರೆ ಅಂಗವೈಕಲ್ಯ ಪಿಂಚಣಿ ಇಲ್ಲ. ಬರೆಯುವುದಕ್ಕೆ ಒಂದು ನಿಮಿಷ ಸಾಕು, ಅಳಿಸುವುದಕ್ಕೆ ವರ್ಷಗಟ್ಟಲೆ ಬೇಕು.

ಎಷ್ಟು ವರ್ಷ ಅಂದರೆ, ಸಿಗ್ನಲ್ಸ್ ವಿಭಾಗದ ಒಬ್ಬ ಸಿಪಾಯಿಯ ಪ್ರಕರಣ ನೋಡಿ. 1985ರಲ್ಲಿ ಸೇರಿದರು, ಅಪಸ್ಮಾರ ಬಂತು, 1994ರಲ್ಲಿ ಹೊರಗೆ. ಕಾಯಿಲೆ ಅವರ ಮೈಗುಣ, ಸೇವೆಗೂ ಅದಕ್ಕೂ ಸಂಬಂಧ ಇಲ್ಲ ಅಂದಿತು ಬೋರ್ಡು. ಹೈಕೋರ್ಟಿನಲ್ಲಿ ಒಮ್ಮೆ ಗೆದ್ದು, ಅಲ್ಲೇ ಮೇಲ್ಮನವಿಯಲ್ಲಿ ಸೋತು, ಕೊನೆಗೆ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಕೋರ್ಟ್ ಹೇಳಿದ್ದು ಸರಳ: ಸೇರಿಸಿಕೊಳ್ಳುವಾಗ ನೀವೇ ಪರೀಕ್ಷೆ ಮಾಡಿದ್ದೀರಿ, ಆಗ ಕಾಯಿಲೆ ದಾಖಲಾಗಿಲ್ಲ, ಹಾಗಾದರೆ ಸೇವೆಯಲ್ಲಿ ಬಂದದ್ದೆಂದೇ ತಿಳಿಯಬೇಕು. ಅಲ್ಲ ಅನ್ನುವುದಾದರೆ ಬೋರ್ಡು ಕಾರಣ ಬರೆಯಬೇಕು. ಅನುಮಾನದ ಲಾಭ ಸೈನಿಕನಿಗೆ.

ಮರುವರ್ಷ ಇನ್ನೊಂದು ತೀರ್ಪು ಬಂತು. ಅಂಗವೈಕಲ್ಯದ ಶೇಕಡಾವಾರನ್ನು 50, 75 ಅಥವಾ 100ಕ್ಕೆ ಏರಿಸುವ ಲಾಭ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಿಗಬೇಕು ಎಂದು. ಅದರ ತಾರೀಖೂ ಡಿಸೆಂಬರ್ 10. ಸುಮ್ನೆ ಕಾಕತಾಳೀಯ, ಆದರೂ ಗಮನಿಸುವಂಥದ್ದು.

ಇಷ್ಟಾದ ಮೇಲೂ ಮೇಲ್ಮನವಿಗಳು ನಿಲ್ಲಲಿಲ್ಲ. 2013ರಲ್ಲಿ ಜಮ್ಮು-ಕಾಶ್ಮೀರದ ಗಡಿಯಲ್ಲಿ ಕೆಟ್ಟ ಹವೆಯ ನಡುವೆ ಗಸ್ತಿನಲ್ಲಿದ್ದಾಗ ಸತ್ತ ಸೈನಿಕನ ಹೆಂಡತಿಗೆ ಹೆಚ್ಚಿನ ಕುಟುಂಬ ಪಿಂಚಣಿ ಕೊಡಿ ಎಂದು ಸೇನಾ ನ್ಯಾಯಮಂಡಳಿ ಹೇಳಿದರೆ, ಸರ್ಕಾರ ಅದನ್ನೂ ಸುಪ್ರೀಂ ಕೋರ್ಟಿಗೆ ಒಯ್ದಿತು. 2024ರ ಡಿಸೆಂಬರ್‌ನಲ್ಲಿ ಕೋರ್ಟ್ ಅರ್ಜಿ ವಜಾ ಮಾಡಿ, ಆಕೆಗೆ 50,000 ರೂಪಾಯಿ ಕೊಡಿ ಅಂದಿತು. ಇಂಥ ಮೇಲ್ಮನವಿಗೆ ಸಹಿ ಹಾಕುವವರು ನಿಯಮ ಪಾಲಿಸುತ್ತಿರಬಹುದು. ಆದರೆ ಫೈಲು ಮುಂದೆ ಕಳಿಸುವುದಕ್ಕಿಂತ ಮುಚ್ಚುವುದಕ್ಕೆ ಜಾಸ್ತಿ ಧೈರ್ಯ ಬೇಕಾಗುವ ವ್ಯವಸ್ಥೆ ಅದು.

ಈಗ ಹೊಸ ಗಂಟು, ಕೆಡೆಟ್‌ಗಳದ್ದು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಧ್ಯೇಯ 'ಸೇವಾ ಪರಮೋ ಧರ್ಮಃ'. ಅಲ್ಲಿ ತರಬೇತಿಯಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಹುಡುಗ ಮಾಜಿ ಸೈನಿಕ ಆಗುವುದಿಲ್ಲ, ಏಕೆಂದರೆ ಅವನಿಗಿನ್ನೂ ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ, ಸಿಕ್ಕಿಲ್ಲ. ಅದೇ ಜವಾನನಾಗಿ ಸೇರಿ ತರಬೇತಿಯಲ್ಲಿ ಗಾಯಗೊಂಡರೆ ಆ ಸ್ಥಾನ ಉಂಟು. ಕೆಡೆಟ್‌ಗೆ ಪಿಂಚಣಿಯ ಬದಲು ಪರಿಹಾರಧನ ಮಾತ್ರ. ಪತ್ರಿಕಾ ವರದಿ ಓದಿ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ನ್ಯಾಯಪೀಠದಲ್ಲಿ ನಮ್ಮ ಬಿ.ವಿ. ನಾಗರತ್ನ ಅವರಿದ್ದರು. ಅದೇ ತಿಂಗಳ ಕೊನೆಗೆ ಸರ್ಕಾರ ಈ ಕೆಡೆಟ್‌ಗಳಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಬಾಗಿಲು ತೆರೆಯಿತು. ಚಿಕಿತ್ಸೆಗೆ ಕಾರ್ಡ್ ಸಿಕ್ಕಿತು. ಮಾಜಿ ಸೈನಿಕ ಎಂಬ ಸ್ಥಾನ ಆ ಆದೇಶದಲ್ಲಿ ಇರಲಿಲ್ಲ.